ಪ್ರೊಫೈಲಿನಿಂದ ಗಣಿತ ತೆಗೆದುಹಾಕಿದ ಮೇಲೆ

"ಬರೀ ಕನ್ನಡ ಅಂತ ಹಾಕಿದ್ರೆ ದುಡ್ಡು ಕೊಟ್ಟು ಯಾರು ಬರ್ತಾರ್ರೀ ಮೇಡಂ?" ಅಂತ ನಮ್ಮ ದಾವಣಗೆರೆ ಪಿ.ಜೆ. ಬಡಾವಣೆಯ ಟ್ಯೂಷನ್ ಮೇಷ್ಟ್ರೊಬ್ಬರು ನಕ್ಕಿದ್ದರು. ಈಗ ಅವರೇ, ಆನ್‌ಲೈನ್ ಟ್ಯೂಷನ್ ಸೈಟಿನಲ್ಲಿರೋ ನನ್ನ ಪ್ರೊಫೈಲ್ ತೋರಿಸಿ ಅಂತ ಕೇಳ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ.

ನಾನೂ ಮೊದಲು ಹಾಕಿದ್ದು ಎಲ್ಲರೂ ಹಾಕೋದನ್ನೇ. ಗಣಿತ, ವಿಜ್ಞಾನ, ಕನ್ನಡ, ಒಂದರಿಂದ ಹತ್ತನೇ ಕ್ಲಾಸು, ಬಿ.ಎಡ್., ಹದಿನೈದು ವರ್ಷದ ಅನುಭವ. ಆರೇಳು ತಿಂಗಳು ಒಂದು ಮೆಸೇಜೂ ಇಲ್ಲ. ಸ್ಟುಡಿಯೋ ಫೋಟೋಗೆ ಮುನ್ನೂರು, ಕಾಲರ್ ಮೈಕಿಗೆ ಸಾವಿರದ ಚಿಲ್ಲರೆ. ಪ್ರೊಫೈಲನ್ನ ಮೇಲೆ ತರ್ತೀನಿ ಅಂದವನೊಬ್ಬನಿಗೆ ಕೊಟ್ಟ ಎರಡು ಸಾವಿರವಂತೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗಾಯ್ತು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿದ್ದ ಪರಿಚಯ ಅಂಟಿಸಿದರೆ ಅಕ್ಷರವೆಲ್ಲ ಕಲಸುಮೇಲೋಗರ. ಸೈಟುಗಳು ಓದೋ ಯೂನಿಕೋಡಿಗೆ ಕನ್ವರ್ಟ್ ಮಾಡೋರು ಅರ್ಕಾವೊತ್ತು ಒಂದ್ಸಲ ನೋಡ್ಕೊಳ್ಳಿ, ಅಲ್ಲೇ ಎಡವಟ್ಟಾಗೋದು.

ಆಮೇಲೆ ಗಣಿತ, ವಿಜ್ಞಾನ ಎರಡನ್ನೂ ಕಿತ್ತುಹಾಕಿದೆ. ತಲೆಬರಹ ಒಂದೇ ಸಾಲು: "ಅಮೆರಿಕದಲ್ಲಿರೋ ನಿಮ್ಮ ಮಗು ಊರಿನ ಅಜ್ಜಿ ಜೊತೆ ಕನ್ನಡದಲ್ಲೇ ಮಾತಾಡ್ಬೇಕಾ?" ಅದನ್ನೇ ಇಂಗ್ಲಿಷಿನಲ್ಲೂ ಹಾಕಿದೆ, ಹುಡುಕೋ ಅಪ್ಪ ಅಮ್ಮ ಟೈಪ್ ಮಾಡೋದು ಇಂಗ್ಲಿಷಲ್ಲೇ ತಾನೆ. ಬಿ.ಎಡ್. ತಳಕ್ಕೆ ಹೋಯ್ತು.

ವಿಡಿಯೋ ಮಾತ್ರ ಗೋಳಾಡಿಸಿತು. ಕುಂದವಾಡ ಕೆರೆ ಏರಿ ಮೇಲೆ ತೆಗೆದದ್ದರಲ್ಲಿ ಬರೀ ಗಾಳಿ ಸದ್ದು, ಮನೇಲಿ ತೆಗೆದರೆ ಕುಕ್ಕರ್ ವಿಷಲ್. ಕೊನೆಗೆ ಬೆಳಿಗ್ಗೆ ಕಿಟಕಿಗೆ ಮುಖ ಮಾಡಿ ಕೂತು, ನನ್ನ ಬಗ್ಗೆ ಏನೂ ಹೇಳದೆ ನೇರ ಪಾಠಕ್ಕೇ ಇಳಿದೆ. "ಒಂದು ಬೆಣ್ಣೆ ದೋಸೆ ಕೊಡಿ. ಬೆಣ್ಣೆ ಜಾಸ್ತಿ ಹಾಕಿ. ಚಟ್ನಿ ಇನ್ನೊಂಚೂರು." ನಿಮಿಷದೊಳಗೆ ಮೂರು ವಾಕ್ಯ. ಮೊದಲು ಬಂದ ಹುಡುಗಿ ಟ್ರಯಲ್ ಕ್ಲಾಸಿಗೆ ಕೂತಾಗ ಆ ಮೂರನ್ನೂ ಬಾಯಿಪಾಠ ಮಾಡ್ಕೊಂಡೇ ಬಂದಿದ್ದಳು!

ಟ್ರಯಲಿನ ದುಡ್ಡು ಪೂರಾ ಸೈಟಿನ ಕಂಪನಿಗೆ, ಆಮೇಲಿನದರಲ್ಲೂ ಮೂರನೇ ಒಂದು ಪಾಲು ಅವರದೇ. ಗಂಟೆಗೆ ಐದು ಡಾಲರ್ ಇಟ್ಟಿದ್ದಾಗ ಯಾರೂ ತಿರುಗಿ ನೋಡಲಿಲ್ಲ, ಹನ್ನೆರಡಕ್ಕೆ ಏರಿಸಿದೆ ನೋಡಿ, ವಿಚಾರಿಸೋಕೆ ಶುರು ಮಾಡಿದರು. ಅಗ್ಗ ಅಂದ್ರೆ ಅನುಮಾನ. ಈಗ ಕೈಗೆ ತಿಂಗಳಿಗೆ ಮೂವತ್ತು ಸಾವಿರದ ಆಸುಪಾಸು ಸಿಗ್ತದೆ. ನಡುವೆ ಬೆಂಗಳೂರಿನ ಐಟಿಯವರಿಗೆ ಅಂತ ಇನ್ನೊಂದು ಪ್ರೊಫೈಲೂ ಮಾಡಿ ನೋಡಿದೆ. ಉತ್ಸಾಹದಿಂದ ಬರ್ತಾರೆ, ಎರಡು ವಾರಕ್ಕೆ ಡೆಡ್‌ಲೈನ್ ಅಂತ ಮಾಯ. ಮುಚ್ಚಿದೆ.

ಟ್ರಯಲಿನ ಕೊನೆ ಐದು ನಿಮಿಷ ನಾನೇನು ಮಾಡ್ತೀನಿ ಅಂತ ಮಾತ್ರ ಬರೆಯಲ್ಲ, ಅದು ನನ್ನ ಅನ್ನ.

ಸ್ಲಾಟಿನ, ಅಂದ್ರೆ ಪಾಠಕ್ಕೆ ತೆರೆದಿಡೋ ಹೊತ್ತಿನ ವಿಷ್ಯ ಹೇಳ್ತೀನಿ. ನ್ಯೂಜೆರ್ಸಿಯ ಸಂಜೆ 7 ಅಂದ್ರೆ ನಮಗೆ ಬೆಳಗಿನ ಜಾವ 4.30, ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 5.30. ಆ ಹೊತ್ತಿಗೆ ಏಳೋ ಮೇಷ್ಟ್ರು ಕಡಿಮೆ, ಅದಕ್ಕೇ ನನಗೆ ಪಾಠ ಸಿಕ್ಕಿದ್ದು. ಕರೆಂಟ್ ಹೋದ್ರೂ ನೆಟ್ ಇರೋ ಹಾಗೆ ರೂಟರಿಗೊಂದು ಪುಟ್ಟ ಯುಪಿಎಸ್ ತಗೊಳ್ಳಿ, ಸಾವಿರದ ಇನ್ನೂರೇನೋ ಆಯ್ತು. ಅದಿಲ್ಲದೆ ನಸುಕಿನ ಸ್ಲಾಟ್ ತೆರೆಯೋಕೆ ಹೋಗಬೇಡಿ.