ಹಬ್ಬದೂಟಕ್ಕೆ ಲೋ ಕಾರ್ಬ್ ಪಥ್ಯ ತಪ್ಪಿದರೆ: ಮುಂದಿನ ಊಟದಿಂದ ಐದನೇ ಬೆಳಗಿನವರೆಗೆ

ಮದುವೆ ಮನೆಯ ಒಂದು ಬಾಳೆಲೆ ಊಟದ ಲೆಕ್ಕ ಹಾಕೋಣ. ಎರಡು ಒಬ್ಬಟ್ಟಿಗೆ ಸುಮಾರು 80 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ). ಒಂದು ಸೌಟು ಚಿತ್ರಾನ್ನಕ್ಕೆ 25. ಸಾರಿಗೆ, ಹುಳಿಗೆ, ಮೊಸರಿಗೆ ಎಂದು ಮೂರು ಸಲ ಹಾಕಿಸಿಕೊಂಡ ಅನ್ನಕ್ಕೆ 70. ಒಂದು ಲೋಟ ಶಾವಿಗೆ ಪಾಯಸಕ್ಕೆ 35. ಬೋಂಡ, ಹಪ್ಪಳ, ಗೊಜ್ಜಿನೊಳಗಿನ ಬೆಲ್ಲ ಎಲ್ಲ ಸೇರಿ ಇನ್ನೊಂದು 25. ಒಟ್ಟು 235 ಗ್ರಾಂ. ದಿನಕ್ಕೆ 50 ಗ್ರಾಂ ಎಂದು ಮಿತಿ ಇಟ್ಟುಕೊಂಡವರಿಗೆ ಹೆಚ್ಚುಕಡಿಮೆ ಐದು ದಿನದ ಪಾಲು ಒಂದೇ ಹೊತ್ತಿನಲ್ಲಿ ಹೊಟ್ಟೆ ಸೇರಿತು.

ಆದರೂ ಪಥ್ಯ ಕೆಡುವುದು ಈ ಊಟದಿಂದಲ್ಲ. ಅದರ ಬೆನ್ನಿಗೇ ಬರುವ ಯೋಚನೆಯಿಂದ: 'ಹೇಗೂ ಕೆಟ್ಟಿತಲ್ಲ, ಸೋಮವಾರದಿಂದ ಸರಿಯಾಗಿ ಶುರು ಮಾಡೋಣ.' ಮದುವೆ ಗುರುವಾರವಾಗಿದ್ದರೆ ಸೋಮವಾರದೊಳಗೆ ಬೀಗರೂಟ ಇದೆ, ಡಬ್ಬಿಯಲ್ಲಿ ಕಟ್ಟಿಕೊಟ್ಟ ಲಾಡು ಇದೆ, ಬೆಳಗಿನ ಉಪ್ಪಿಟ್ಟು ಇದೆ. 235 ಇದ್ದದ್ದು ಸಾವಿರ ಗ್ರಾಂ ಆಗುವುದು ಆ ನಾಲ್ಕು ದಿನಗಳಲ್ಲಿ. ಇದು ಒಬ್ಬಿಬ್ಬರ ದೌರ್ಬಲ್ಯವೂ ಅಲ್ಲ. ಪಥ್ಯದಲ್ಲಿರುವವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಮುಂದಿಟ್ಟರೆ, ಮಿಲ್ಕ್‌ಶೇಕ್ ಕುಡಿಯದ ಪಥ್ಯದವರಿಗಿಂತ ಹೆಚ್ಚೇ ಐಸ್‌ಕ್ರೀಂ ತಿನ್ನುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಹರ್ಮನ್ ಮತ್ತವರ ಸಹೋದ್ಯೋಗಿ 1975ರಲ್ಲೇ ತೋರಿಸಿದ್ದರು. ಹಾಗಾಗಿ ಮರಳುವ ದಿನ ಸೋಮವಾರ ಅಲ್ಲ, ನಾಳೆ ಬೆಳಿಗ್ಗೆಯೂ ಅಲ್ಲ. ಇವತ್ತಿನ ಮುಂದಿನ ಊಟ.

ಎಲ್ಲಕ್ಕಿಂತ ಮೊದಲು ಮಾತ್ರೆ

ಶುಗರ್‌ಗೆ ಔಷಧಿ ತೆಗೆದುಕೊಳ್ಳುವವರು ಇದನ್ನು ಓದದೆ ಮುಂದೆ ಹೋಗಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ಊಟದಲ್ಲಿ ಕಾರ್ಬ್ ಇರಲಿ ಬಿಡಲಿ ಸಕ್ಕರೆಯನ್ನು ಇಳಿಸುತ್ತವೆ. ನಿನ್ನೆ 235 ಗ್ರಾಂ ತಿಂದು, ಇವತ್ತು ಪಶ್ಚಾತ್ತಾಪದಲ್ಲಿ ಉಪವಾಸ ಕೂತು, ಮಾತ್ರೆ ಮಾತ್ರ ಎಂದಿನಂತೆ ನುಂಗಿದರೆ ಲೋ ಶುಗರ್ ಆಗುತ್ತದೆ. ಹಬ್ಬದ ಶುಗರ್ ನೋಡಿ ಹೆದರಿ ಒಂದು ಮಾತ್ರೆ ಹೆಚ್ಚಿಗೆ ತೆಗೆದುಕೊಳ್ಳುವುದು ಇನ್ನೂ ಅಪಾಯ. ಬೆವರು, ಕೈನಡುಕ, ಎದೆ ಢವಢವ, ಇದ್ದಕ್ಕಿದ್ದಂತೆ ವಿಪರೀತ ಹಸಿವು ಬಂದರೆ ಕೂಡಲೇ ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ, ನೋಡಲು ಮೀಟರ್ ಇಲ್ಲದಿದ್ದರೂ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರಿಲ್ಲದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಆ ಸಕ್ಕರೆ ಪಥ್ಯ ಮುರಿದಂತಲ್ಲ, ಅದು ಔಷಧಿ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರಹದ, ಹೆಸರಿನ ಕೊನೆಗೆ 'ಗ್ಲಿಫ್ಲೋಜಿನ್' ಬರುವ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ತೀರಾ ಕಡಿಮೆ ಮಾಡಿದರೆ ಅಥವಾ ಉಪವಾಸ ಮಾಡಿದರೆ, ಶುಗರ್ ಹೆಚ್ಚೇನೂ ಇಲ್ಲದಿದ್ದಾಗಲೂ ರಕ್ತದಲ್ಲಿ ಆಮ್ಲ ಏರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ನೇರ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹೆಸರು ಹೇಳಿ. ಈ ಎರಡು ಗುಂಪಿನ ಔಷಧಿ ಇರುವವರು ಮತ್ತೆ ಪಥ್ಯಕ್ಕೆ ಇಳಿಯುವ ಮೊದಲು ಪ್ರಮಾಣದ ಬಗ್ಗೆ ವೈದ್ಯರಿಗೆ ಒಂದು ಫೋನ್ ಮಾಡಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಟೈಪ್ 1 ಮಧುಮೇಹ ಮತ್ತು ಕಿಡ್ನಿ ತೊಂದರೆ ಇರುವವರು ಈ ಬರಹದ ಲೆಕ್ಕಗಳನ್ನು ತಾವಾಗಿಯೇ ಅನುಸರಿಸಬಾರದು.

ಐದನೇ ಬೆಳಗಿನವರೆಗೆ ತೂಕ ನೋಡಬೇಡಿ

ಮರುದಿನ ತಕ್ಕಡಿ ಹತ್ತಿದರೆ ಒಂದೂವರೆ, ಎರಡು ಕೆಜಿ ಹೆಚ್ಚು ತೋರಿಸುತ್ತದೆ. ಎರಡು ತಿಂಗಳ ಶ್ರಮ ಹೋಯಿತೆಂದು ಬಹಳ ಜನ ಕೈಬಿಡುವುದು ಇಲ್ಲಿಯೇ. ಅದು ಕೊಬ್ಬಲ್ಲ. ತಿಂದ ಕಾರ್ಬ್‌ನಲ್ಲಿ ಒಂದು ಭಾಗವನ್ನು ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಆಗಿ ತುಂಬಿಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತದೆ. ಲೋ ಕಾರ್ಬ್‌ನಲ್ಲಿದ್ದವರ ಉಗ್ರಾಣ ಅರ್ಧ ಖಾಲಿ ಇರುವುದರಿಂದ ತುಂಬಿಕೊಳ್ಳುವುದೂ ಬೇಗ. ಅದರ ಮೇಲೆ ಹಪ್ಪಳ, ಉಪ್ಪಿನಕಾಯಿಯ ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿ ಇನ್ನೂ ಇರುವ ಆಹಾರ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಖರ್ಚಿಗಿಂತ ಸುಮಾರು 7,700 ಕ್ಯಾಲರಿ ಹೆಚ್ಚು ತಿನ್ನಬೇಕು. ಒಂದು ಊಟದಲ್ಲಿ 1,500 ಕ್ಯಾಲರಿ ಹೆಚ್ಚಾಗಿದ್ದರೂ ಕೊಬ್ಬಿನ ಪಾಲು 200 ಗ್ರಾಂ ದಾಟುವುದಿಲ್ಲ. ಐದನೇ ದಿನ ಬೆಳಿಗ್ಗೆ, ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮೊದಲು ತೂಕ ನೋಡಿ. ಆ ಅಂಕಿ ನಂಬಬಹುದು.

ಮೀಟರ್‌ನಲ್ಲಿ ಶುಗರ್ ನೋಡುವವರಿಗೂ ಇಂಥದೇ ಒಂದು ಗಾಬರಿ ಕಾದಿರುತ್ತದೆ. ವಾರಗಟ್ಟಲೆ ಕಾರ್ಬ್ ಕಡಿಮೆ ಇದ್ದ ದೇಹಕ್ಕೆ ಒಮ್ಮೆಗೇ ಒಬ್ಬಟ್ಟು ಬಂದರೆ, ದಿನವೂ ಅನ್ನ ತಿನ್ನುತ್ತಿದ್ದ ಕಾಲಕ್ಕಿಂತ ಶುಗರ್ ಹೆಚ್ಚು ಏರಬಹುದು. ದೇಹ ಆಗ ಕೊಬ್ಬು ಉರಿಸುವ ರೂಢಿಯಲ್ಲಿರುತ್ತದೆ, ಸಕ್ಕರೆಯನ್ನು ಒಳಗೆಳೆದುಕೊಳ್ಳಲು ತಡ ಮಾಡುತ್ತದೆ. ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆಗೆ ಮುಂಚೆ ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬ್ ತಿನ್ನಬೇಕು ಎನ್ನುವುದು ಇದೇ ಕಾರಣಕ್ಕೆ. ಪರೀಕ್ಷೆ ಬರೆಸಿದ್ದರೆ ಲೋ ಕಾರ್ಬ್‌ನಲ್ಲಿರುವುದನ್ನು ವೈದ್ಯರಿಗೆ ಹೇಳಿ.

ಆ ರಾತ್ರಿ ಮತ್ತು ಮರುದಿನ

ಹಬ್ಬದೂಟ ಮಧ್ಯಾಹ್ನ ಆಗಿದ್ದರೆ ಕೈ ತೊಳೆದ ಅರ್ಧ ಗಂಟೆಯೊಳಗೆ 15 ನಿಮಿಷ ನಡೆಯಿರಿ, ಸುಮ್ಮನೆ ಬೀದಿಯ ತುದಿಗೆ ಹೋಗಿ ಬಂದರೂ ಸಾಕು. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ಹೀರುತ್ತವೆ, ಏರಿಕೆ ತಗ್ಗುತ್ತದೆ. ರಾತ್ರಿಗೆ ಹಸಿವಿಲ್ಲದಿದ್ದರೆ, ಶುಗರ್ ಔಷಧಿಯೂ ಇಲ್ಲದಿದ್ದರೆ, ಒಂದು ಲೋಟ ಮಜ್ಜಿಗೆ ಕುಡಿದು ಮಲಗಬಹುದು. ಮರುದಿನ ಮಾತ್ರ ಊಟ ಬಿಡಬೇಡಿ. ಬೆಳಿಗ್ಗೆ ತಿಂಡಿ ಬಿಟ್ಟವರು ಸಂಜೆ ನಾಲ್ಕಕ್ಕೆ ಸೋಲುತ್ತಾರೆ. ಇನ್ನೊಂದು ತಪ್ಪು, ನಿತ್ಯದ ಮಿತಿ 50 ಇದ್ದರೆ 'ಸರಿದೂಗಿಸಲು' 20ಕ್ಕೆ ಇಳಿಯುವುದು. ಬೇಡ. ನಿಮ್ಮ ಹಳೆಯ ಮಿತಿಗೇ ಮರಳಿ.

ಮೊದಲ ತಿಂಡಿಯಲ್ಲಿ ಪ್ರೋಟೀನ್ ಧಾರಾಳವಾಗಿರಲಿ. ಸೊಪ್ಪು-ಮೊಟ್ಟೆ ಪಲ್ಯಕ್ಕಿಂತ ಒಳ್ಳೆಯದು ನಮಗೆ ಕಂಡಿಲ್ಲ. ಸಬ್ಬಸಿಗೆ, ದಂಟು ಅಥವಾ ಪಾಲಕ್, ಯಾವುದಾದರೂ 250 ಗ್ರಾಂ ಬಿಡಿಸಿ ಸಣ್ಣಗೆ ಹೆಚ್ಚಿ. ಒಂದು ದೊಡ್ಡ ಚಮಚ ಎಣ್ಣೆಗೆ ಸಾಸಿವೆ, ನಾಲ್ಕು ಎಸಳು ಜಜ್ಜಿದ ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ ಹಾಕಿ ಸೊಪ್ಪು ಸುರಿಯಿರಿ. ಬಾಣಲೆ ತುಂಬಿ ತುಳುಕುತ್ತಿದ್ದ ಸೊಪ್ಪು ಮೂರು ನಿಮಿಷದಲ್ಲಿ ಒಂದು ಹಿಡಿಯಾಗುತ್ತದೆ. ಉಪ್ಪು ಹಾಕುವುದು ಅದು ಬಾಡಿ ಇಳಿದ ಮೇಲೆ. ಮೊದಲೇ ರಾಶಿ ನೋಡಿ ಹಾಕಿದರೆ ಉಪ್ಪುಪ್ಪಾಗಿ ತಿನ್ನಲಾಗುವುದಿಲ್ಲ. ನೀರು ಆರಿದ ಮೇಲೆ ಮೂರು ಮೊಟ್ಟೆ ಒಡೆದು ಹಾಕಿ, ಅರ್ಧ ನಿಮಿಷ ಹಾಗೇ ಬಿಟ್ಟು ಕೆದಕಿ, ಎರಡು ಚಮಚ ಕಾಯಿತುರಿ ಉದುರಿಸಿ ಇಳಿಸಿ. ಕಾರ್ಬ್ ಸುಮಾರು 10 ಗ್ರಾಂ, ಪ್ರೋಟೀನ್ 25ರ ಹತ್ತಿರ. ಮೊಟ್ಟೆ ತಿನ್ನದವರು 100 ಗ್ರಾಂ ಪನೀರ್ ಪುಡಿ ಮಾಡಿ ಹಾಕಿದರೆ ಲೆಕ್ಕ ಹೆಚ್ಚುಕಡಿಮೆ ಅದೇ.

ಮಧ್ಯಾಹ್ನ, ರಾತ್ರಿಗೆ ಹೀರೆಕಾಯಿ, ಸೋರೆಕಾಯಿ, ಬದನೆಕಾಯಿ, ಬೆಂಡೆಕಾಯಿ, ಎಲೆಕೋಸು ಇವುಗಳಲ್ಲಿ 200 ಗ್ರಾಂ ಪಲ್ಯ. ಜೊತೆಗೆ ಮೀನು, ಕೋಳಿ, ಮೊಟ್ಟೆ, ಪನೀರ್ ಅಥವಾ 50 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಮಾಡಿದ ಗೊಜ್ಜು, ಬೆಲ್ಲ ಹಾಕದೆ. 60 ಕೆಜಿ ತೂಕದವರಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಸೇರಬೇಕು. ಸಸ್ಯಾಹಾರಿಗಳಿಗೆ ಇದು ತಾನಾಗಿ ಸೇರುವುದಿಲ್ಲ, ಕೂಡಿಸಿ ನೋಡಬೇಕು.

ಎರಡನೇ, ಮೂರನೇ ದಿನದ ತಲೆನೋವು

ಎಲ್ಲ ಸರಿಯಾಗಿ ಮಾಡಿದವರಿಗೂ ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ತಲೆ ಭಾರ, ಸುಸ್ತು, ಕಾಲು ಸೆಳೆತ, ಮುಂಗೋಪ ಬರಬಹುದು. ಕಾರ್ಬ್ ತಗ್ಗಿದಾಗ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದರೆ ಕಿಡ್ನಿ ಸೋಡಿಯಂ ಅನ್ನು ಹೊರಬಿಡುತ್ತದೆ, ನೀರೂ ಅದರ ಹಿಂದೆ ಹೋಗುತ್ತದೆ. ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದರ ಗುರುತು. ಬರಿ ನೀರು ಕುಡಿದರೆ ಸಾಲದು, ಉಪ್ಪು ಬೇಕು. ಇದನ್ನು ತಿಳಿಯದೆ 'ಸಕ್ಕರೆ ಇಲ್ಲದೆ ತಲೆನೋವು' ಎಂದು ಒಂದು ಲೋಟ ಸಿಹಿ ಕಾಫಿ ಕುಡಿಯುತ್ತಾರೆ, ಎರಡು ದಿನದ ಪ್ರಯತ್ನ ಅಲ್ಲಿಗೆ ನಿಲ್ಲುತ್ತದೆ.

100 ಎಂಎಲ್ ಮೊಸರಿಗೆ 300 ಎಂಎಲ್ ನೀರು, ಕಾಲು ಟೀ ಚಮಚ ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಚಿಟಿಕೆ ಇಂಗು ಸೇರಿಸಿ ಕಡೆಯಿರಿ. ಕಾರ್ಬ್ 5 ಗ್ರಾಂನೊಳಗೇ ಇರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಒಂದು, ಸಂಜೆ ನಾಲ್ಕಕ್ಕೆ ಒಂದು, ಎರಡು ಮೂರು ದಿನ ಮಾತ್ರ. ಬಸ್ಸಾರಿನ ತಿಳಿ ಕಟ್ಟು, ಬೇಳೆ ಇಲ್ಲದೆ, ಬಿಸಿಬಿಸಿ ಕುಡಿದರೂ ಅದೇ ಕೆಲಸ ಮಾಡುತ್ತದೆ. ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಈ ಹೆಚ್ಚಿನ ಉಪ್ಪನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಹೊಟ್ಟೆ ಕಟ್ಟಿದ್ದರೆ ರಾತ್ರಿ ಒಂದು ಟೀ ಚಮಚ ಇಸಬ್‌ಗೋಲು, ದೊಡ್ಡ ಲೋಟ ತುಂಬ ನೀರಿನಲ್ಲಿ. ನೀರು ಕಡಿಮೆಯಾದರೆ ಕಟ್ಟಿದ್ದು ಇನ್ನೂ ಬಿಗಿಯುತ್ತದೆ.

ಕೀಟೋಸಿಸ್‌ನಲ್ಲಿದ್ದವರು (ಕಾರ್ಬ್ ಸಾಲದೆ ದೇಹ ಮುಖ್ಯವಾಗಿ ಕೊಬ್ಬನ್ನೇ ಉರಿಸುತ್ತಿದ್ದವರು) ಮರಳಿ ಅಲ್ಲಿಗೆ ಹೋಗಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ. ಎರಡನೇ ದಿನ ಚುರುಕಾಗಿ 40 ನಿಮಿಷ ನಡೆದರೆ ತುಂಬಿದ ಗ್ಲೈಕೋಜನ್ ಬೇಗ ಕರಗುತ್ತದೆ. ಎರಡು ಗಂಟೆ ಜಿಮ್‌ನಲ್ಲಿ ಬೆವರು ಸುರಿಸಿ ದಂಡ ತೆರುವುದು ಬೇಡ, ಆ ದಿನ ಅದು ಹಸಿವನ್ನಷ್ಟೇ ಕೆರಳಿಸುತ್ತದೆ. ಮದುವೆ ಮನೆಯಲ್ಲಿ ಕೆಟ್ಟ ನಿದ್ದೆಯನ್ನು ತೀರಿಸಿಕೊಳ್ಳುವುದು ಅದಕ್ಕಿಂತ ಮುಖ್ಯ. ನಿದ್ದೆಗೆಟ್ಟವರಿಗೆ ಮರುದಿನ ಸಿಹಿಯ ಚಪಲ ಹೆಚ್ಚು.

ಮನೆಯಲ್ಲಿ ಉಳಿದದ್ದು

ಸಂಜೆ ನಾಲ್ಕು ಗಂಟೆ, ಮನೆಯಲ್ಲಿ ಯಾರೂ ಇಲ್ಲ, ಫ್ರಿಜ್ಜಿನ ಸ್ಟೀಲ್ ಡಬ್ಬಿಯಲ್ಲಿ ಬಾಳೆಲೆ ಚೂರಿನ ನಡುವೆ ನಾಲ್ಕು ಒಬ್ಬಟ್ಟು. 'ಅರ್ಧ ಮಾತ್ರ' ಎಂದು ಮುರಿದ ಅರ್ಧಕ್ಕೆ ಇಪ್ಪತ್ತು ಗ್ರಾಂ, ಉಳಿದರ್ಧ ಡಬ್ಬಿಯಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಮನಸ್ಸನ್ನು ಪರೀಕ್ಷೆಗೆ ಒಡ್ಡುವುದಕ್ಕಿಂತ ಡಬ್ಬಿಯನ್ನು ಮನೆಯಿಂದ ಕಳಿಸುವುದು ಸುಲಭ. ಪಕ್ಕದ ಮನೆಗೆ, ಮನೆಗೆಲಸದವರಿಗೆ, ಆಫೀಸಿಗೆ, ಮೊದಲ ದಿನವೇ. ಮಕ್ಕಳಿಗೆಂದು ಇಡಲೇಬೇಕಾದರೆ ಇಡುವ ಜಾಗ ನಿಮಗೆ ಗೊತ್ತಾಗದಿರಲಿ, ಇನ್ನೊಬ್ಬರಿಗೆ ಮಾತ್ರ ಗೊತ್ತಿರಲಿ. ಅದೇ ನಾಲ್ಕು ಗಂಟೆಗೆ ಒಂದು ಹಿಡಿ, ಅಂದರೆ 30 ಗ್ರಾಂ, ಹುರಿದ ಕಡಲೆಕಾಯಿ ಬೀಜ ಅಳೆದು ಬಟ್ಟಲಲ್ಲಿ ಹಾಕಿಡಿ. ಡಬ್ಬಿಯಿಂದ ನೇರ ತಿಂದರೆ ನೂರು ಗ್ರಾಂ ಆಗುವುದು ಗೊತ್ತಾಗುವುದೇ ಇಲ್ಲ.

ಮರಳುವ ಹಾದಿಯಲ್ಲಿ ನಮ್ಮವರು ಎಡವುವುದು ಬಹಳ ಸಲ ಸಿಹಿಯಿಂದಲ್ಲ, 'ಒಳ್ಳೆಯದು' ಎಂದು ಹೆಸರಾದ ತಿನಿಸಿನಿಂದ. ರಾಗಿ ಪೌಷ್ಟಿಕ, ಸಂಶಯವಿಲ್ಲ. ಆದರೆ 70 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 50 ಗ್ರಾಂ ಕಾರ್ಬ್ ಇದೆ, ಇಡೀ ದಿನದ ಪಾಲು. ನವಣೆ, ಸಾಮೆಯ ಅನ್ನವೂ ಕಾರ್ಬ್ ಲೆಕ್ಕದಲ್ಲಿ ಧಾನ್ಯವೇ. ಬೆಲ್ಲಕ್ಕೂ ಸಕ್ಕರೆಗೂ ಈ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಒಂದು ಇಡ್ಲಿಗೆ ಸುಮಾರು 10 ಗ್ರಾಂ, ಯಾರೂ ಒಂದಕ್ಕೆ ನಿಲ್ಲಿಸುವುದಿಲ್ಲ. 'ಶುಗರ್ ಫ್ರೀ' ಮಿಠಾಯಿಯಲ್ಲಿ ಸಕ್ಕರೆ ಇಲ್ಲದಿದ್ದರೂ ಕಡಲೆ ಹಿಟ್ಟು, ಮೈದಾ ಇರಬಹುದು.

ಮತ್ತೆ ಮತ್ತೆ ತಪ್ಪುತ್ತಿದ್ದರೆ

ಹಬ್ಬಕ್ಕೊಮ್ಮೆ ತಪ್ಪುವುದು ಬೇರೆ, ತಿಂಗಳಿಗೆ ಮೂರು ಸಲ ತಪ್ಪುವುದು ಬೇರೆ. ಎರಡನೆಯದಾದರೆ ನಿಮ್ಮನ್ನು ಬೈದುಕೊಳ್ಳುವ ಮೊದಲು ಮಿತಿಯನ್ನು ನೋಡಿ. 50 ಹಿಡಿತಕ್ಕೆ ಸಿಗದಿದ್ದರೆ 80ಕ್ಕೆ ಏರಿಸಿ. ಆ 30 ಗ್ರಾಂನಲ್ಲಿ ಮಧ್ಯಾಹ್ನಕ್ಕೊಂದು ತೆಳು ಜೋಳದ ರೊಟ್ಟಿ ಸೇರುತ್ತದೆ. ಊಟ ಊಟದಂತೆ ಕಾಣುತ್ತದೆ, ಮನೆಯವರ ಜೊತೆ ಒಂದೇ ಸಾಲಿನಲ್ಲಿ ಕೂರಬಹುದು. ವರ್ಷಪೂರ್ತಿ ನಡೆಯುವ 80, ಹತ್ತು ದಿನಕ್ಕೆ ಮುರಿಯುವ 20ಕ್ಕಿಂತ ಖಂಡಿತ ಮೇಲು.

ಮುಂದಿನ ಲಗ್ನಪತ್ರಿಕೆ ಬಂದಾಗ ಹಸಿದು ಹೋಗಬೇಡಿ. ಹೊರಡುವ ಮೊದಲು ಎರಡು ಬೇಯಿಸಿದ ಮೊಟ್ಟೆ, ಇಲ್ಲವೇ ಒಂದು ಹಿಡಿ ಕಡಲೆಕಾಯಿ ಬೀಜ ಮತ್ತು ಮಜ್ಜಿಗೆ. ಪಂಕ್ತಿಯಲ್ಲಿ ಕೂತಾಗ 'ಬೇಡ, ಸಾಕು' ಎಂದರೆ ಬಡಿಸುವವರು ಅದನ್ನು ಸಂಕೋಚವೆಂದುಕೊಂಡು ಇನ್ನೊಂದು ಹಾಕುತ್ತಾರೆ. ಬೇಡವೆನ್ನುವ ಬದಲು ಕೇಳಿ: 'ಅಣ್ಣಾ, ಶುಗರ್ ಇದೆ, ಬೀನ್ಸ್ ಪಲ್ಯ ಇನ್ನಷ್ಟು ಹಾಕಿ.' ಕೇಳಿದ್ದನ್ನು ಬಡಿಸಿದ ಸಂತೋಷದಲ್ಲಿ ಅವರು ಮುಂದಿನ ಎಲೆಗೆ ಹೋಗುತ್ತಾರೆ. ಒಬ್ಬಟ್ಟು ತಿನ್ನಲೇಬೇಕೆನಿಸಿದರೆ ಒಂದು ಹಾಕಿಸಿಕೊಳ್ಳಿ, ತುಪ್ಪ ಸುರಿಸಿಕೊಂಡು ನಿಧಾನವಾಗಿ ತಿನ್ನಿ, ಆ ಹೊತ್ತು ಅನ್ನವನ್ನೂ ಪಾಯಸವನ್ನೂ ಬಿಡಿ.