ಓಟ ಕಮ್ಮಿ ಮಾಡಿದೆ, ಖೋ ಖೋ ಟೀಮ್ ಗೆದ್ದಿತು: ನನ್ನ ಅನುಭವ

ಹೋದ ವರ್ಷ ನಮ್ಮ ಸರ್ಕಾರಿ ಪ್ರೌಢಶಾಲೆಯ ಹುಡುಗಿಯರು ಜಿಲ್ಲಾ ಮಟ್ಟದ ಖೋ ಖೋ ಗೆದ್ದು ವಿಭಾಗ ಮಟ್ಟಕ್ಕೆ ಹೋದರು. ಅದಕ್ಕೂ ಮುಂಚೆ ತಾಲೂಕು ದಾಟಿದವರೇ ಅಲ್ಲ. ನಾನು ಗಣಿತದ ಮೇಷ್ಟ್ರು. ನಮ್ಮಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದು ಎಷ್ಟೋ ವರ್ಷವಾಯಿತು. ಕಾಲೇಜಿನಲ್ಲಿ ಖೋ ಖೋ ಆಡಿದ್ದೆ ಅನ್ನೋ ಒಂದೇ ಕಾರಣಕ್ಕೆ ಸೀಟಿ ನನ್ನ ಕೊರಳಿಗೆ ಬಿತ್ತು. ಈಗ ಅಕ್ಕಪಕ್ಕದ ಶಾಲೆಯ ಪಿಟಿ ಮೇಷ್ಟ್ರುಗಳು "ಏನ್ ಮಾಡಿದ್ರಿ ಸರ್?" ಅಂತ ಕೇಳ್ತಾನೇ ಇದ್ದಾರೆ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಬರೆದುಬಿಡೋದು ಸುಲಭ.

ಮಾಡಿದ್ದು ಇಷ್ಟೇ. ಓಡಿಸೋದನ್ನ ಅರ್ಧಕ್ಕೆ ಇಳಿಸಿದೆ, ಕೂತು ಏಳೋದನ್ನ ಕಲಿಸಿದೆ. ಪ್ರಾಕ್ಟೀಸನ್ನು ಸಂಜೆಯಿಂದ ಬೆಳಿಗ್ಗೆಗೆ ತಂದೆ.

ಸಂಜೆ ಪ್ರಾಕ್ಟೀಸ್ ಯಾಕೆ ಆಗಲ್ಲ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತನೇ ತರಗತಿಯವರು ವಿಶೇಷ ತರಗತಿಗೆ ಹೋಗ್ತಾರೆ. ಉಳಿದವರಲ್ಲಿ ಅರ್ಧ ಜನ ಐದೂವರೆ ಬಸ್ ತಪ್ಪಿದರೆ ಮನೆಗೆ ಹೋಗೋ ಹಾಗಿಲ್ಲ. ಮೈದಾನದಲ್ಲಿ ಉಳಿಯೋದು ಆರೇಳು ಹುಡುಗಿಯರು. ಚೌಕದಲ್ಲಿ ಎಂಟು ಜನ ಕೂರದೆ ಚೇಸಿಂಗ್, ಅಂದರೆ ಎದುರು ತಂಡದ ರನ್ನರನ್ನು ಅಟ್ಟಿ ಮುಟ್ಟೋದು, ಕಲಿಸೋದು ಹೇಗೆ? ಸುಮ್ನೆ ರೌಂಡ್ಸ್ ಹೊಡೆಸಿ ಕಳಿಸುತ್ತಿದ್ದೆ. ಬೆಳಿಗ್ಗೆಯಾದರೆ ಎಂಟೂವರೆಗೆ ಬಸ್ಸೇ ಎಲ್ಲರನ್ನೂ ಗೇಟಿಗೆ ತಂದು ಇಳಿಸುತ್ತೆ. ಪ್ರಾರ್ಥನೆಗೆ ಮುಂಚೆ ಮುಕ್ಕಾಲು ಗಂಟೆ ನನ್ನದು.

ಹೆಡ್ ಮೇಷ್ಟ್ರು, "ಬೆವರು ಸುರಿಸ್ಕೊಂಡು ಬಂದು ಕ್ಲಾಸಲ್ಲಿ ತೂಕಡಿಸ್ತಾರೆ ನೋಡ್ರಿ" ಅಂದರು. ತಾಲೂಕಿನ ಹಿರಿಯ ಪಿಟಿ ಮೇಷ್ಟ್ರೊಬ್ಬರು ಎಲ್ಲರ ಮುಂದೆ ನಕ್ಕರು: "ರೌಂಡ್ಸ್ ಹೊಡೆಸದೆ ಸ್ಟ್ಯಾಮಿನಾ ಎಲ್ಲಿಂದ ಬರುತ್ತೆ? ಗಣಿತದಿಂದಲಾ?" ನಿಜ ಹೇಳಬೇಕೆಂದರೆ ಗಣಿತದಿಂದಲೇ ಶುರುವಾಗಿದ್ದು. ಸೋತ ಮ್ಯಾಚುಗಳನ್ನು ಮೊಬೈಲಿನಲ್ಲಿ ನಿಧಾನವಾಗಿ ಓಡಿಸಿ ನೋಡಿದೆ. ನಮ್ಮವರು ಓಟದಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ. ಆದರೆ ಬೆನ್ನಿಗೆ ಖೋ ಬಿದ್ದ ಮೇಲೆ, ಅಂದರೆ ಅಟ್ಟೋಳು ಹಿಂದಿನಿಂದ ತಟ್ಟಿ "ಖೋ" ಅಂದ ಮೇಲೆ, ಕೂತವಳು ಎದ್ದು ಹೊರಡೋಕೆ ಹತ್ತಿರ ಹತ್ತಿರ 1 ಸೆಕೆಂಡ್ ತಗೊಳ್ತಿದ್ದರು. ಒಬ್ಬ ರನ್ನರ್ ಔಟಾಗೋ ಹೊತ್ತಿಗೆ ಹದಿನೈದಿಪ್ಪತ್ತು ಖೋ ಆಗಿರುತ್ತೆ. ಪ್ರತಿ ಖೋಗೆ ಅರ್ಧ ಸೆಕೆಂಡ್ ಉಳಿಸಿದರೂ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಮೊದಲು ಕೂರೋ ರೀತಿ ಬದಲಿಸಿದೆ. ಹಿಮ್ಮಡಿ ನೆಲಕ್ಕೆ ಊರಬಾರದು. ಒಂದು ಪಾದ ಅರ್ಧ ಗೇಣು ಮುಂದೆ, ಎರಡೂ ಕೈಯ ಬೆರಳ ತುದಿ ಮಾತ್ರ ನೆಲದ ಮೇಲೆ. ಶುರುವಿನಲ್ಲಿ ಎರಡು ನಿಮಿಷಕ್ಕೇ ತೊಡೆ ನಡುಗಿ ಹುಡುಗಿಯರು ಪಕ್ಕಕ್ಕೆ ಉರುಳುತ್ತಿದ್ದರು, ಒಬ್ಬಳು ಬಿದ್ದರೆ ಸಾಲೆಲ್ಲ ನಗು. ಎರಡು ತಿಂಗಳಲ್ಲಿ ಹತ್ತು ನಿಮಿಷ ಅಲ್ಲಾಡದೆ ಕೂರುವಷ್ಟಾದರು. ಆಮೇಲೆ ಎಂಟು ಜನಕ್ಕೂ ದುಪಟ್ಟಾದಿಂದ ಕಣ್ಣು ಕಟ್ಟಿಸಿದೆ. ಒಂಬತ್ತನೆಯವಳು ಹಿಂದಿನಿಂದ ಬಂದು ಯಾರಿಗೆ ಬೇಕಾದರೂ ಖೋ ಕೊಡಬಹುದು. ಕೈ ತಾಗಿದವಳು ಮಾತ್ರ ಏಳಬೇಕು. ಮೊದಮೊದಲು ಖೋ ಅಂದ ತಕ್ಷಣ ಮೂರು ಮೂರು ಜನ ಎದ್ದು ನಿಲ್ಲುತ್ತಿದ್ದರು. ಬೇಗ ಎದ್ದರೆ ಫೌಲ್, ಫೌಲ್ ಆದರೆ ಕೈಗೆ ಸಿಕ್ಕ ರನ್ನರ್ ತಪ್ಪಿಸಿಕೊಂಡ ಹಾಗೇ. ಕಣ್ಣು ಕಟ್ಟಿ ಆಡಿಸಿದ ಮೇಲೆ ಕೂಗಿಗಲ್ಲ, ಕೈಗೆ ಏಳೋದು ರೂಢಿಯಾಯಿತು. ಜಿಲ್ಲಾ ಫೈನಲ್ಲಿನಲ್ಲಿ ನಮ್ಮದು ಎರಡೋ ಮೂರೋ ಫೌಲ್, ಎದುರಿನವರದು ಹತ್ತರ ಮೇಲೆ.

ಎದ್ದ ಮೇಲೆ ಮೊದಲ ಹೆಜ್ಜೆ ಯಾವ ಕಾಲಿನದು, ಕಂಬದ ಪಕ್ಕದ ಚೌಕದಲ್ಲಿ ಎಂಥ ಹುಡುಗಿಯನ್ನು ಕೂರಿಸ್ತೇನೆ ಅನ್ನೋದು ಇಲ್ಲಿ ಬರೆಯಲ್ಲ. ಪಕ್ಕದ ತಾಲೂಕಿನವರೂ ಓದ್ತಾರಲ್ವಾ!

ಪೋಲ್ ಡೈವ್, ಅಂದರೆ ಕಂಬ ಹಿಡಿದು ಮುಂದಕ್ಕೆ ಹಾರಿ ರನ್ನರನ್ನು ಮುಟ್ಟೋದು, ಕಲಿಸೋಕೆ ಪಟ್ಟ ಪಾಡು ಬೇರೆಯೇ. ಮಳೆಗಾಲಕ್ಕೆ ಮುಂಚೆ ನಮ್ಮ ಮೈದಾನ ಬರೀ ಜಲ್ಲಿ. ಎಂ ಸ್ಯಾಂಡ್ ಹಾಕಿಸಿದೆ, ಮೊಣಕೈ ಕಿತ್ತು ಬಂತು. ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ಪುಕ್ಕಟೆ ಸಿಕ್ಕಿತು. ಮೆತ್ತಗೇನೋ ಇತ್ತು, ಆದರೆ ಎರಡನೇ ದಿನಕ್ಕೇ ಮೈಯೆಲ್ಲ ಕಡಿತ. ಪೋಷಕರೊಬ್ಬರು ಬಂದು ಜಗಳವಾಡಿ ಹೋದರು. ಕೊನೆಗೆ ಸಾಮಿಲ್ಲಿನ ಮರದ ಪುಡಿಗೆ ಕೆಂಪು ಮಣ್ಣು ಬೆರೆಸಿ ಕಂಬದ ಸುತ್ತ ಗೇಣು ದಪ್ಪ ಹಾಕಿದೆ. ಅದು ಕೈ ಹಿಡಿಯಿತು. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಮೊಣಕಾಲಿಗೆ ಹೊಲಿಸಿಕೊಟ್ಟೆ. ಅಂಗಡಿಯ ನೀ ಕ್ಯಾಪಿಗಿಂತ ಜಾಸ್ತಿ ಬಾಳಿಕೆ ಬಂತು.

ಗೆರೆ ಎಳೆಯೋದೂ ಒಂದು ಗೋಳು. ಜುಲೈ ಮಳೆಗೆ ಸುಣ್ಣದ ಪುಡಿ ಮಧ್ಯಾಹ್ನದವರೆಗೂ ನಿಲ್ಲಲ್ಲ. ನೈಲಾನ್ ಹಗ್ಗ ಬಿಗಿದೆ, ಎಡವಿ ಬಿದ್ದರು. ಹಳೇ ಡ್ರಿಪ್ ಪೈಪ್ ಸೀಳಿ ಮೊಳೆ ಹೊಡೆದೆ, ಒದ್ದೆಯಾದರೆ ಜಾರುತ್ತೆ. ಇವತ್ತಿಗೂ ದಾರಿ ಸಿಕ್ಕಿಲ್ಲ. ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಇನ್ನು ದುಡ್ಡು. ನೆನಪಿನಿಂದ ಹೇಳೋದಾದರೆ ಸೀಸನ್ನಿಗೆ ಸುಮಾರು 20,000 ರೂಪಾಯಿ. ಜೆರ್ಸಿಗೆ ನಾಲ್ಕೂವರೆ ಸಾವಿರ, ತಾಲೂಕು ಮತ್ತು ಜಿಲ್ಲೆಗೆ ಹೋಗಿಬರೋ ಟೆಂಪೋಗೆ ಒಂಬತ್ತು ಸಾವಿರ. ಬಾಳೆಹಣ್ಣು, ನೆನೆಸಿದ ಕಡಲೆಕಾಯಿಗೆ ಐದು ಸಾವಿರದ ಹತ್ತಿರ. ಮಿಕ್ಕಿದ್ದು ಬ್ಯಾಂಡೇಜು, ಸುಣ್ಣ, ಚಿಲ್ಲರೆ. ಬಾಳೆಹಣ್ಣಿನ ಖರ್ಚು ದಂಡ ಅನ್ನಬೇಡಿ. ಬೆಳಿಗ್ಗೆ ಬರೀ ಟೀ ಕುಡಿದು ಬಸ್ ಹತ್ತೋ ಮಕ್ಕಳೇ ಜಾಸ್ತಿ. ಶಾಲೆಯ ಹಾಲು ಸಿಗೋದು ಆಮೇಲೆ. ಮೊದಲ ವಾರ ಇಬ್ಬರು ತಲೆ ಸುತ್ತಿ ಕೂತುಬಿಟ್ಟರು, ಅವತ್ತಿನಿಂದ ಹಣ್ಣು ತಿನ್ನದೆ ಮೈದಾನಕ್ಕೆ ಇಳಿಸಿಲ್ಲ. ಜೆರ್ಸಿ ಹಳೇ ವಿದ್ಯಾರ್ಥಿಯೊಬ್ಬ ಕೊಡಿಸಿದ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು 5,000 ಕೊಟ್ಟರು. ಮಿಕ್ಕಿದ್ದು ನನ್ನ ಜೇಬಿನಿಂದ. ಸ್ಟೇಜ್ ಮೇಲೆ ಹಾರ ಹಾಕಿಸಿಕೊಂಡು 3,000 ಘೋಷಿಸಿದ ಮಹನೀಯರೊಬ್ಬರ ದುಡ್ಡು ಇನ್ನೂ ಬರಬೇಕು. ಮನೆಯಲ್ಲಿ ಈ ಲೆಕ್ಕ ಪೂರ್ತಿ ಹೇಳಿಲ್ಲ.

ಹುಡುಗಿಯರ ಮನೆಯವರನ್ನು ಒಪ್ಪಿಸೋಕೆ ಹೋದ ವರ್ಷ ಒಂದು ಪೇಪರ್ ಕಟಿಂಗ್ ನೆರವಾಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರಲ್ಲ, ಆ ತಂಡದಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. "ಇದೂ ನಮ್ಮಂಥ ಹಳ್ಳಿ ಹುಡುಗೀನೇ ನೋಡಿ ಅಣ್ಣಾ" ಅಂತ ತೋರಿಸಿದರೆ ಅಪ್ಪಂದಿರ ದನಿ ಸ್ವಲ್ಪ ಇಳಿಯುತ್ತಿತ್ತು. ಚಡ್ಡಿ ಬೇಡ, ಟ್ರ್ಯಾಕ್ ಪ್ಯಾಂಟ್ ಇರಲಿ ಅಂದರು ಕೆಲವರು. ಇರಲಿ, ಅದರಿಂದ ಆಟಕ್ಕೇನೂ ನಷ್ಟ ಇಲ್ಲ. ತಿಂಗಳ ಮುಟ್ಟಿನ ದಿನಗಳ ವಿಷಯ ನಮ್ಮ ಕನ್ನಡ ಮೇಡಂ ನೋಡಿಕೊಂಡರು. ಅವರಿಲ್ಲದಿದ್ದರೆ ಹುಡುಗಿಯರು ಕಾರಣ ಹೇಳದೆ ಗೈರಾಗುತ್ತಿದ್ದರು.

ಓದಿನ ಮಾತೂ ಹೇಳಿಬಿಡ್ತೇನೆ, ಎಲ್ಲರೂ ಕೇಳೋದು ಅದನ್ನೇ. ಟೀಮಿನಲ್ಲಿ ಹತ್ತನೇ ತರಗತಿಯವರು ಐದು ಜನ ಇದ್ದರು. ಐವರೂ ಎಸ್ಸೆಸ್ಸೆಲ್ಸಿ ಪಾಸ್. ಒಬ್ಬಳಿಗೆ 625ಕ್ಕೆ 570ರ ಮೇಲೆ. ಹೆಡ್ ಮೇಷ್ಟ್ರು ಹೇಳಿದ ಹಾಗೆ ತೂಕಡಿಸಿದ್ದು ಒಬ್ಬಳೇ, ಅದೂ ನನ್ನ ಪಿರಿಯಡ್ಡಿನಲ್ಲಿ!

ವಿಭಾಗದಲ್ಲಿ ಸೋತೆವು. ಅಲ್ಲಿ ಮ್ಯಾಟ್ ಮೇಲೆ ಆಟ. ನಮ್ಮವರು ಮ್ಯಾಟ್ ಮೇಲೆ ಕಾಲಿಟ್ಟಿದ್ದೇ ಅವತ್ತು. ಚೇಸಿಂಗ್ ಸರಿಯಾಗೇ ಇತ್ತು, ಡಿಫೆನ್ಸಿನಲ್ಲಿ, ಅಂದರೆ ತಪ್ಪಿಸಿಕೊಂಡು ಓಡೋ ಸರದಿಯಲ್ಲಿ, ಕೂತವರ ಸುತ್ತ ರಿಂಗ್ ತಿರುಗೋವಾಗ ಕಾಲು ಹಿಡಿತ ಸಿಗದೆ ಬೇಗ ಬೇಗ ಔಟಾದರು. "ನೋಡಿದ್ರಾ, ಸ್ಟ್ಯಾಮಿನಾ ಇಲ್ಲ" ಅಂದರು ಆ ಹಿರಿಯ ಮೇಷ್ಟ್ರು. ಸ್ಟ್ಯಾಮಿನಾ ಅಲ್ಲ ಸಾರ್, ಮ್ಯಾಟು. ಅವರು ಒಪ್ಪಲ್ಲ, ನಾನೂ ಬಿಡಲ್ಲ. ಆದರೆ ಹೋದ ತಿಂಗಳಿಂದ ಅವರ ಶಾಲೆಯಲ್ಲೂ ದುಪಟ್ಟಾ ಕಟ್ಟಿ ಕೂರಿಸ್ತಿದ್ದಾರಂತೆ.

ಈ ವರ್ಷ ಆ ಐದು ಜನ ಪಿಯುಸಿಗೆ ಹೋದರು. ಎಂಟನೇ ತರಗತಿಗೆ ಸೇರಿದವರಲ್ಲಿ ಕೂರೋಕೆ ಬರೋರನ್ನ ಹುಡುಕ್ತಿದ್ದೇನೆ, ಓಡೋರು ಹೇಗೂ ಸಿಗ್ತಾರೆ. ಹಳೇ ನೀಲಗಿರಿ ಕಂಬ ಎರಡಕ್ಕೂ ಬುಡದಲ್ಲಿ ಗೆದ್ದಲು ಹಿಡಿದಿದೆ. ಮಳೆ ಜೋರಾಗೋ ಮುಂಚೆ ಹೊಸದು ನೆಡಬೇಕು, ಅದಕ್ಕೊಂದು ಸಾವಿರ ಎತ್ತಿಡಬೇಕು.