ಹೊಂಡದ ಅಡಿಯ ನೀರು

ಹೊಸನಗರದ ಕಡೆ ನಮ್ಮದು ಮೂರು ಎಕರೆ ಅಡಿಕೆ ತೋಟ. ತೋಟದ ಮೇಲ್ಗಡೆ 5 ಗುಂಟೆಯ ಹೊಂಡ ತೆಗೆಸಿ ಕಾಟ್ಲ, ರೋಹು ಬಿಟ್ಟಿದ್ದೇನೆ. ಮೊದಲ ಸಲ ಮೀನು ಹಿಡಿದಾಗ ನೀರನ್ನೆಲ್ಲ ಒಂದೇ ರಾತ್ರಿ ಹಳ್ಳಕ್ಕೆ ಬಿಟ್ಟೆ. ಮೂರನೇ ದಿನ ಕೆಳಮನೆಯ ಅಮ್ಮ ಬಂದು, "ತಮ್ಮಾ, ಎಂತ ಬಿಟ್ಟೆಯೋ ಹಳ್ಳಕ್ಕೆ? ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕಾಲಿಡೋ ಹಾಗಿಲ್ಲ, ಬರೀ ಲೋಳೆ" ಅಂದರು. ಹೋಗಿ ನೋಡಿದರೆ ಕಲ್ಲಿನ ಸಂದಿಯಲ್ಲೆಲ್ಲ ಕಪ್ಪು ರಾಡಿ. ಏಡಿಗಳು ದಡ ಹತ್ತಿ ಕೂತಿದ್ದವು.

ಆ ಕೊಳೆತ ಮೊಟ್ಟೆಯಂಥ ವಾಸನೆ ನನಗೆ ಹೊಸದಲ್ಲ. ಇದಕ್ಕೂ ಮೊದಲು ಎರಡು ವರ್ಷ ಕುಮಟಾ ಹತ್ತಿರ ಭಾವನ ಸಿಗಡಿ ಹೊಂಡದಲ್ಲಿ ಪಾಲು ಹಾಕಿದ್ದೆ. ಸಿಗಡಿಗೆ ಹಾಕುವ ತಿಂಡಿಯ ಸಾರಜನಕದಲ್ಲಿ ಅದರ ಮೈಗೆ ಹತ್ತುವುದು ಹೆಚ್ಚೆಂದರೆ ಮೂರನೇ ಒಂದು ಪಾಲು. ಮಿಕ್ಕಿದ್ದು ನೀರಿಗೆ, ಅಡಿಯ ಕೆಸರಿಗೆ. ನಾವು ಅದನ್ನು ಸಮುದ್ರದ ಇಳಿತದ ಹೊತ್ತಿಗೆ ತೂಬು ತೆಗೆದು, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ನಡುವೆ ಬಿಡುತ್ತಿದ್ದೆವು. ಮೊದಲು ಎಲೆ ಇನ್ನಷ್ಟು ಹಸಿರಾಯಿತು, ಗೊಬ್ಬರ ಸಿಕ್ಕಿದ ಹಾಗೆ. ಅದನ್ನು ನೋಡಿಯೇ ನಾವು ಮೋಸಹೋದದ್ದು. ಕಾಂಡ್ಲದ ಒಂದು ಜಾತಿಗೆ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಮೇಲೆದ್ದ ಉಸಿರುಬೇರುಗಳಿರುತ್ತವೆ. ಗಾಳಿ ಎಳೆದುಕೊಳ್ಳುವುದು ಆ ಬೇರಿನ ಸಣ್ಣ ರಂಧ್ರಗಳಿಂದ. ತೂಬಿನ ಬಾಯಲ್ಲಿ ಗೋಡು ಏರುತ್ತ ಹೋಯಿತು, ಬೇರಿಗೆ ಪಾಚಿ ಸುತ್ತಿತು, ಅಲ್ಲಿನ ಗಿಡಗಳು ತುದಿಯಿಂದ ಒಣಗತೊಡಗಿದವು. ಕೆಸರಿಗೆ ಗಾಳಿಯಾಡಿಸುತ್ತಿದ್ದ ಏಡಿಬಿಲಗಳೂ ಕಾಣದಾದವು. ಆಮೇಲೆ ಸಿಗಡಿಗೆ ಬಿಳಿಚುಕ್ಕೆ ರೋಗ ಬಂದು ಹೊಂಡವೇ ಖಾಲಿಯಾಯಿತು, ನಾನು ಊರಿಗೆ ಬಂದೆ.

ಅಲ್ಲಿ ಕಲಿತ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬಂತು: ಹೊಂಡ ಬರಿದು ಮಾಡುವಾಗ ಮೇಲಿನ ನೀರು ಅಷ್ಟೇನೂ ಕೆಟ್ಟಿರುವುದಿಲ್ಲ, ಹೊಲಸು ಹೆಚ್ಚಾಗಿ ಕಡೆಯ ಐದನೇ ಒಂದು ಪಾಲಿನಲ್ಲಿ ಬರುತ್ತದೆ. ಗಾಜಿನ ಬಾಟಲಿಯಲ್ಲಿ ಮೊದಲ ನೀರು, ಕಡೆಯ ನೀರು ಹಿಡಿದು ಒಂದು ತಾಸು ಜಗಲಿ ಮೇಲೆ ಇಟ್ಟರೆ ಯಾರಿಗೂ ಗೊತ್ತಾಗುತ್ತದೆ.

ಮರುವರ್ಷ ಆ ಕಡೆಯ ನೀರನ್ನು ತಡೆದು ನಿಲ್ಲಿಸಲು 10 ಅಡಿ ಚೌಕ, 5 ಅಡಿ ಆಳದ ಗುಂಡಿ ತೋಡಿಸಿದೆ. ಲೆಕ್ಕ ಹಾಕದೆ ಮಾಡಿದ ಕೆಲಸ. ಹಿಡಿಸಿದ್ದು ಹದಿನಾಲ್ಕು ಸಾವಿರ ಲೀಟರು, ಅರ್ಧ ದಿನದಲ್ಲಿ ಉಕ್ಕಿ ಮತ್ತೆ ಹಳ್ಳಕ್ಕೇ ಹೋಯಿತು. ಕೆಳಮನೆ ಅಮ್ಮ ಈ ಸಲ ಮಾತೇ ಆಡಲಿಲ್ಲ, ಅದು ಇನ್ನೂ ಕಷ್ಟ. ಹೊಂಡದಲ್ಲಿ ನಾಲ್ಕೂವರೆ ಅಡಿ ನೀರು ಅಂದರೆ ಸುಮಾರು 7 ಲಕ್ಷ ಲೀಟರು, ಅದರ ಐದನೇ ಒಂದು ಪಾಲು 1.4 ಲಕ್ಷ. ಗುಂಡಿಯನ್ನು 30 ಅಡಿ ಚೌಕಕ್ಕೆ ಹಿಗ್ಗಿಸಿ, ಅರ್ಧ ಅಡಿ ಇನ್ನೂ ಇಳಿಸಿದ ಮೇಲೆ ಸರಿಹೋಯಿತು. ಜೆಸಿಬಿಯವನಿಗೆ ಎರಡು ಸಲ ದುಡ್ಡು ಕೊಟ್ಟ ಹಾಗಾಯಿತು.

ಈಗ ಮಳೆಗಾಲದಲ್ಲಿ ಮರಿ ಬಿಟ್ಟು ಮಾರ್ಚ್-ಏಪ್ರಿಲ್‌ನಲ್ಲಿ ಹಿಡಿಯುತ್ತೇನೆ. ಆಗ ತೋಟಕ್ಕೂ ನೀರು ಬೇಕು. ಮೇಲಿನ ನೀರನ್ನು ಹತ್ತು ದಿನ ಸಣ್ಣಗೆ ತೋಟಕ್ಕೆ ಹಾಯಿಸುತ್ತೇನೆ, ಮುಚ್ಚಿಗೆಯ ಸೊಪ್ಪು ಬೇಗ ಕರಗುತ್ತದೆ. ಕಡೆಯ ನೀರು ಗುಂಡಿಯಲ್ಲಿ ವಾರ ನಿಂತು ತಿಳಿಯಾದ ಮೇಲೆ ಜೊಂಡು ಬೆಳೆದ ಕಾಲುವೆಯಲ್ಲಿ ಇಳಿಯುತ್ತದೆ. ತಳದ ಗೋಡನ್ನು ಒಣಗಿಸಿ ಗೊಬ್ಬರದ ಗುಂಡಿಗೆ ಹಾಕುತ್ತೇನೆ.

ಹೋದ ಬೇಸಿಗೆ ಭಾವ ಬಂದಿದ್ದರು. ಎಲ್ಲ ನೋಡಿ, "ನಿಂಗೆ ತೋಟ ಉಂಟು ಮಾರಾಯ, ನಮ್ಮ ಉಪ್ಪುನೀರು ಯಾವ ಮರಕ್ಕೆ ಬಿಡುದು?" ಅಂದರು. ಉತ್ತರ ನನ್ನಲ್ಲೂ ಇರಲಿಲ್ಲ. ಗುಂಡಿಗೆ ಜಾಗ ಬಿಡಲು ಒಂದು ಹೊಂಡವನ್ನೇ ಕಳಕೊಳ್ಳಬೇಕು ಎಂದರೆ ಅವರ ಪಾಲುದಾರರು ಒಪ್ಪುವುದಿಲ್ಲ. ನಮ್ಮ ಹಳ್ಳವೂ ಶರಾವತಿ ಸೇರಿ, ಲಿಂಗನಮಕ್ಕಿ ದಾಟಿ, ಹೊನ್ನಾವರದ ಕಾಂಡ್ಲಕ್ಕೇ ಹೋಗುವುದು ಎಂದು ಇಬ್ಬರೂ ಹೊಂಡದ ಏರಿ ಮೇಲೆ ಕೂತು ಮಾತಾಡಿಕೊಂಡೆವು.

ಜೊಂಡು ಮಾತ್ರ ವಿಪರೀತ ಹಬ್ಬಿದೆ. ಈ ಮಳೆಗೆ ಮುಂಚೆ ಅರ್ಧ ಕೊಯ್ಯಿಸಬೇಕು.